ಅಣ್ಣ ಆರಿಸುತ್ತಿದ್ದ ಎಣ್ಣೆ

ಕಾರು ಎರಡು ಸಲ ತಿರುಗಿತು ಎಂದು ನಾನು ಹೇಳುತ್ತೇನೆ. ಅದನ್ನು ಓಡಿಸುತ್ತಿದ್ದ ನನ್ನ ಅಣ್ಣನ ಮಗಳು ಒಂದೂವರೆ ಸಲ ಎನ್ನುತ್ತಾಳೆ. ನಾನು ತಡೆಗೋಡೆಯ ಈಚೆ ನಿಂತು ನೋಡುತ್ತಿದ್ದೆ. ಅವಳಿಗಿಂತ ನನಗೆ ಸರಿಯಾಗಿ ಕಂಡಿರಬೇಕು. ಆದರೂ ಈ ಒಂದು ವರ್ಷದಲ್ಲಿ ಆ ಕೆಲವು ಕ್ಷಣಗಳನ್ನು ಎಷ್ಟು ಸಲ ನೆನೆದಿದ್ದೇನೆಂದರೆ, ಕಂಡದ್ದೆಷ್ಟು, ಆಮೇಲೆ ಮನಸ್ಸು ಸೇರಿಸಿದ್ದೆಷ್ಟು ಎಂದು ಬೇರೆ ಮಾಡುವುದು ಈಗ ಕಷ್ಟ. ಅದಕ್ಕೆ ನಡೆದದ್ದನ್ನು ಮೊದಲಿನಿಂದ, ಖಚಿತವಾಗಿ ಗೊತ್ತಿದ್ದಷ್ಟನ್ನು ಮಾತ್ರ ಬರೆಯುತ್ತಿದ್ದೇನೆ.

ಅವಳ ಕಾರಿನ ಇಂಜಿನ್ನಿಗೆ ಯಾವ ಎಣ್ಣೆ ಹಾಕಬೇಕೆಂದು ಆರಿಸುವುದು ಅಣ್ಣನ ಕೆಲಸವಾಗಿತ್ತು. ಬೇರೆ ಯಾರನ್ನೂ ಅವಳು ಕೇಳುತ್ತಿರಲಿಲ್ಲ. ಆ ಕೆಲಸ ಇನ್ನು ಅವನ ಕೈಯಲ್ಲಿ ಇರಬಹುದೇ ಎನ್ನುವ ಪ್ರಶ್ನೆ ಆ ಬೆಳಿಗ್ಗೆ ಹುಟ್ಟಿತು. ನಿಜ ಹೇಳಬೇಕೆಂದರೆ ನನಗೆ ಅದು ಕೆಲವು ತಿಂಗಳ ಮೊದಲೇ ಹುಟ್ಟಬೇಕಿತ್ತು.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ನಮ್ಮ ಅಪ್ಪ ಧಾರವಾಡದ ಕಡೆಯಿಂದ ದಾಂಡೇಲಿಗೆ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಬಂದವರು. ಅಣ್ಣನೂ ಅಲ್ಲಿಯೇ ಸೇರಿದ, ಯಂತ್ರಗಳಿಗೆ ಎಣ್ಣೆ ಹಾಕುವವರ ಗುಂಪಿನಲ್ಲಿ. ಒದ್ದೆ ಕಾಗದವನ್ನು ಒಣಗಿಸಲು ದೊಡ್ಡ ದೊಡ್ಡ ಉರುಳೆಗಳಿರುತ್ತವೆ, ಅವುಗಳ ಒಳಗೆ ಉಗಿ ಹರಿಯುತ್ತದೆ. ಆ ಉರುಳೆಗಳ ತುದಿಯ ಬೇರಿಂಗುಗಳಿಗೆ ಎಣ್ಣೆ ಕಡಿಮೆಯಾಗದಂತೆ ನೋಡಿಕೊಳ್ಳುವುದು ಅವನ ಪಾಳಿಯ ಕೆಲಸ. ಹಿರಿಯ ಕೆಲಸಗಾರರು ಅವನಿಗೆ ಮೊದಲ ವಾರವೇ ಎರಡು ಮಾತು ಹೇಳಿಕೊಟ್ಟಿದ್ದರಂತೆ. ಕಾವು ಹೆಚ್ಚಿದ್ದ ಕಡೆ ಎಣ್ಣೆ ದಪ್ಪ ಇರಬೇಕು. ಒತ್ತಡ ತೋರಿಸುವ ಮುಳ್ಳು ಮೇಲಿದ್ದರೆ ಚಿಂತೆ ಬಿಟ್ಟು ಮುಂದಿನ ಬೇರಿಂಗಿಗೆ ಹೋಗಬಹುದು. ನಿಧಾನವಾಗಿ, ಒಂದೇ ವೇಗದಲ್ಲಿ, ತಿಂಗಳುಗಟ್ಟಲೆ ನಿಲ್ಲದೆ ತಿರುಗುವ ಆ ಉರುಳೆಗಳ ಮಟ್ಟಿಗೆ ಎರಡೂ ನಿಜ.

ಇನ್ನೊಂದು ವಿದ್ಯೆಯನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ, ತಾನೇ ಕಲಿತ. ಎಣ್ಣೆಯ ಒಂದು ಹನಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಟ್ಟು, ಮೆಲ್ಲಗೆ ಉಜ್ಜಿ, ಬೆರಳುಗಳನ್ನು ಬಿಡಿಸಿ, ಮತ್ತೆ ಕೂಡಿಸುತ್ತಿದ್ದ. ಆಗ ಅವನು ಎಣ್ಣೆಯನ್ನು ನೋಡುತ್ತಿರಲಿಲ್ಲ. ಎದುರಿನ ಗೋಡೆಯನ್ನೋ ಮರವನ್ನೋ ನೋಡುತ್ತಿದ್ದ. ಎರಡನೇ ಪಾಳಿ ಮುಗಿಸಿ ಮನೆಗೆ ಬಂದು, ಬಚ್ಚಲಲ್ಲಿ ಎಷ್ಟು ತಿಕ್ಕಿ ತೊಳೆದರೂ ಅವನ ಉಗುರಿನ ಸಂದಿಯಲ್ಲಿ ಒಂದು ಕಪ್ಪು ಗೆರೆ ಉಳಿಯುತ್ತಿತ್ತು. ಅವ್ವ ಬಡಿಸುವಾಗ ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇನ್ನೊಮ್ಮಿ ತೊಳಕೊಂಡ್ ಬಾ” ಎನ್ನುತ್ತಿದ್ದಳು. ಅವನು ಹೋಗಿ ತೊಳೆದು ಬರುತ್ತಿದ್ದ. ಗೆರೆ ಹಾಗೆಯೇ ಇರುತ್ತಿತ್ತು. ಆಗ ಅವ್ವ ರೊಟ್ಟಿ ಹಾಕುತ್ತಿದ್ದಳು.

ಹದಿನೆಂಟು ವರ್ಷ ದುಡಿದು, ಕೆಲಸ ಬಿಟ್ಟು, ಅವನು ಹಳಿಯಾಳದ ರಸ್ತೆಯಲ್ಲಿ ಗ್ಯಾರೇಜು ಹಾಕಿದ. ಜೊಯಿಡಾ ಮತ್ತು ಅಣಶಿಯ ಕಡೆಯಿಂದ ಹಳೆಯ ಜೀಪುಗಳು ಬರುತ್ತಿದ್ದವು, ಮುಂಡಗೋಡದ ಕಡೆಯಿಂದ ಟ್ರ್ಯಾಕ್ಟರುಗಳು. ಯಾವ ಗಾಡಿ ಬಂದರೂ ಅದರ ಎಣ್ಣೆಯ ಒಂದು ಹನಿಯನ್ನು ಕಾಗದದ ಚೂರಿನ ಮೇಲೆ ಬೀಳಿಸುತ್ತಿದ್ದ. ಹನಿ ಹರಡಿ ಒಂದು ಉಂಗುರವಾಗುತ್ತದೆ. ಉಂಗುರದ ನಡುವೆ ಕಪ್ಪು ಎಷ್ಟಿದೆ ಎಂಬುದರ ಮೇಲೆ ಎಣ್ಣೆಯಲ್ಲಿ ಕೊಳೆ ಎಷ್ಟು ಸೇರಿದೆ ಎಂದು ಹೇಳಬಹುದು. ಕಾಗದಕ್ಕೆ ನಮ್ಮ ಊರಿನಲ್ಲಿ ಬರವಿಲ್ಲ. ಯಾವ ಕಾಗದ ಎಣ್ಣೆಯನ್ನು ಹೇಗೆ ಹೀರುತ್ತದೆ ಎನ್ನುವುದು ಅವನಿಗೆ ಬಾಯಿಪಾಠವಾಗಿತ್ತು. ತಾರೀಖು, ಗಾಡಿಯ ನಂಬರು ಬರೆದು ಆ ಚೀಟಿಗಳನ್ನು ಗೋಡೆಯ ತಂತಿಗೆ ಸಿಕ್ಕಿಸುತ್ತಿದ್ದ. ನಾನು ಹಳಿಯಾಳದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೇಲೂ ಭಾನುವಾರಗಳಂದು ಅಲ್ಲಿಗೆ ಹೋಗಿ, ಒಂದು ಸ್ಟೂಲು ಎಳೆದುಕೊಂಡು ಕೂತು, ಆ ಚೀಟಿಗಳನ್ನು ಓದುತ್ತಿದ್ದೆ. ಫ್ಯಾನು ತಿರುಗಿದರೆ ಅವೆಲ್ಲ ಒಟ್ಟಿಗೆ ಅಲುಗುತ್ತಿದ್ದವು.

ಸನವಳ್ಳಿಯ ಒಬ್ಬ ರೈತರು ಟ್ರ್ಯಾಕ್ಟರು ತಂದಿದ್ದ ದಿನ ನೆನಪಿದೆ. ಹೊಗೆ, ಸದ್ದು, ಎಳೆಯುವುದಿಲ್ಲ ಎಂಬ ದೂರು. ಅಣ್ಣ ಒಂದು ಹನಿ ಬೆರಳಿಗೆ ತಗೊಂಡು ಹೊರಗಿನ ಸಾಗವಾನಿ ಮರ ನೋಡುತ್ತ ನಿಂತ.

“ಏನಾಗೇತ್ರಿ ಮೇಸ್ತ್ರಿ ನನ್ನ ಟ್ರ್ಯಾಕ್ಟರಿಗೆ?”

“ಟ್ರ್ಯಾಕ್ಟರಿಗೆ ಏನೂ ಆಗಿಲ್ರಿ ಗೌಡ್ರ. ಎಣ್ಣಿ ಯಾವಾಗ ಬದಲಿ ಮಾಡಿದ್ರಿ?”

“ಮಾಡೇವಿ… ಹ್ವಾದ ವರ್ಷ ಮಾಡಿದ್ವ್ಯೋ, ಅದರ ಹಿಂದಿನ ವರ್ಷ ಮಾಡಿದ್ವ್ಯೋ.”

“ಎರಡ ವರ್ಷ ಒಂದ ಅಂಗಿ ಹಾಕ್ಕೊಂಡು ಅಡ್ಡಾಡ್ರಿ, ನಿಮಗೂ ಹಿಂಗ ದಮ್ಮು ಹತ್ತತೈತಿ.”

ಗೌಡರು ತಮ್ಮ ಅಂಗಿಯನ್ನೊಮ್ಮೆ ನೋಡಿಕೊಂಡು ನಕ್ಕರು. ಎಲ್ಲರೂ ನಕ್ಕೆವು. ಸವೆದ ಇಂಜಿನ್ನಿಗೆ ದಪ್ಪ ಎಣ್ಣೆ ಬೇಕು, ಭಾಗಗಳ ನಡುವಿನ ಸಂದಿ ದೊಡ್ಡದಾಗಿರುತ್ತದೆ ಎಂದು ಅಣ್ಣ ಆಮೇಲೆ ನನಗೆ ವಿವರಿಸಿದ. ಆ ಜೀಪುಗಳಿಗೂ ಟ್ರ್ಯಾಕ್ಟರುಗಳಿಗೂ ಹಾಕಲು ಅವನ ಗ್ಯಾರೇಜಿನ ಮೂಲೆಯಲ್ಲಿ ಒಂದು ಬ್ಯಾರಲ್ಲು ಯಾವಾಗಲೂ ಇರುತ್ತಿತ್ತು.

ಅವನ ಮಗಳು ಆ ಗ್ಯಾರೇಜಿನಲ್ಲಿಯೇ ಬೆಳೆದವಳು. ಈಗ ಜೊಯಿಡಾದ ಕಾಡು ನೋಡಲು ಬರುವವರನ್ನು ತನ್ನ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಾಳೆ. ಐದು ವರ್ಷದ ಹಿಂದೆ ಗೋವಾದಿಂದ ಒಂದು ಹಳೆಯ ಕಾರು ಕೊಂಡಳು. ನೋಡಲು ಪುಟ್ಟದು, ಟರ್ಬೊ ಇಂಜಿನ್ನು, ವೇಗಕ್ಕೆಂದೇ ಮಾಡಿದ್ದು. ತಮಿಳುನಾಡಿನ ಒಂದು ರೇಸ್ ಟ್ರ್ಯಾಕಿನಲ್ಲಿ ವರ್ಷಕ್ಕೆ ಕೆಲವು ದಿನ ಯಾರು ಬೇಕಾದರೂ ತಮ್ಮ ಸ್ವಂತ ಕಾರು ತಂದು ಓಡಿಸಬಹುದು. ಅಲ್ಲಿ ಸ್ಪರ್ಧೆ ಇಲ್ಲ, ಬಹುಮಾನವೂ ಇಲ್ಲ. ಕಾಲು ಗಂಟೆಗೊಂದು ಸರದಿ, ಹೆಲ್ಮೆಟ್ಟು ಹಾಕಿಕೊಂಡು ಕಾರು ಎಷ್ಟು ಓಡುತ್ತದೋ ಅಷ್ಟು ಓಡಿಸುವುದು. ಅವಳಿಗೆ ಅದರ ಹುಚ್ಚು ಹಿಡಿಯಿತು. ಚಳಿಗಾಲಕ್ಕೊಮ್ಮೆ ನಾವು ಮೂವರೂ ಹೋಗುತ್ತಿದ್ದೆವು. ಅವಳು ಕಾರಿನಲ್ಲಿ, ಅಣ್ಣನೂ ನಾನೂ ಹಿಂದಿನಿಂದ ಜೀಪಿನಲ್ಲಿ. ಅತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದಳು. ಅವಳಿಗೆ ವೇಗವೆಂದರೆ ಆಗದು, ಬರುತ್ತಿರಲಿಲ್ಲ. ಒಂದೂವರೆ ದಿನದ ದಾರಿ. ಅಷ್ಟು ಹೊತ್ತು ಅಣ್ಣನೂ ನಾನೂ ಇಬ್ಬರೇ ಒಟ್ಟಿಗೆ ಕೂತು ಮಾತಾಡಿದ್ದು ಚಿಕ್ಕಂದಿನ ನಂತರ ಅದೇ ಮೊದಲು. ಆ ಪ್ರಯಾಣಗಳಿಗೆ ಇವತ್ತಿಗೂ ನನ್ನ ಜೀವ ಎಳೆಯುತ್ತದೆ.

ಎಣ್ಣೆಯ ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಚಳಿಯಲ್ಲಿ ಅದು ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು ಕಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ. ಗ್ಯಾರೇಜಿನಲ್ಲಿ ಎರಡನೆಯದನ್ನಷ್ಟೇ ಹೇಳುತ್ತಾರೆ: ಮೂವತ್ತು, ನಲವತ್ತು, ಐವತ್ತು. ಆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಮೂವತ್ತು ಎಂದಿತ್ತು. ಮೊದಲ ವರ್ಷ ಮೂವತ್ತೇ ಹಾಕಿಕೊಂಡು ಹೋದಳು. ಮಧ್ಯಾಹ್ನದ ಸರದಿ ಮುಗಿಸಿ ಬಂದು ಬಾನೆಟ್ಟು ಎತ್ತಿದಾಗ ಅಣ್ಣ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು, ಬಿಸಿ ಹನಿಯನ್ನು ಬೆರಳಿಗೆ ತೆಗೆದುಕೊಂಡು, ಟ್ರ್ಯಾಕಿನ ಆಚೆಯ ಗುಡ್ಡ ನೋಡಿದ.

“ಮೂವತ್ತು ಸಾಲೂದಿಲ್ಲ. ಊರಾಗ ಅಡ್ಡಾಡಾಕ ಸಾಕು. ಇಲ್ಲಿ ಸಾಲೂದಿಲ್ಲ.”

“ಪುಸ್ತಕದಾಗ ಮೂವತ್ತಂತ ಬರದೈತಪ್ಪಾ.”

“ಪುಸ್ತಕ ಬರದಾಂವ ನಿನ್ನ ಜೋಡಿ ಕಾರಿನ್ಯಾಗ ಕುಂತಿದ್ನೇನ?”

ನಲವತ್ತು ಹಾಕಿದ. ಮೊದಲು ಉದ್ದನೆಯ ತಿರುವುಗಳಲ್ಲಿ ಎಣ್ಣೆಯ ಒತ್ತಡದ ಮುಳ್ಳು ಕೆಳಗೆ ಬೀಳುತ್ತಿತ್ತಂತೆ, ಆಮೇಲೆ ಬೀಳಲಿಲ್ಲ. ಪಕ್ಕದಲ್ಲಿ ಬೆಂಗಳೂರಿನ ಒಬ್ಬ ಯುವಕ ಇವನ್ನೆಲ್ಲ ನೋಡುತ್ತಿದ್ದ. ಅವನ ಕಾರು ನಮ್ಮದಕ್ಕಿಂತ ಬಹಳ ದೊಡ್ಡದು. “ಅಂಕಲ್, ನಾನು ಅರವತ್ತೇ ಹಾಕ್ಬಿಡ್ಲಾ? ಸೇಫ್ ಅಲ್ವಾ?” ಎಂದು ಕೇಳಿದ.

“ಚಳಿ ಆದ್ರ ಒಂದು ಕಂಬಳಿ ಹೊದ್ಕೋರಿ,” ಅಂದ ಅಣ್ಣ. “ನಾಕು ಹೊದ್ಕೊಂಡು ಓಡ್ತೇನಿ ಅಂದ್ರ ಹೆಂಗ್ ಓಡ್ತೀರಿ?”

ಇದನ್ನು ಬರೆಯಲು ಕಾರಣವಿದೆ. ಅತಿ ದಪ್ಪ ಎಣ್ಣೆ ಹೊಸ ಮಾದರಿಯ ಇಂಜಿನ್ನಿನ ಸಣ್ಣ ಸಂದಿಗಳಲ್ಲಿ ಬೇಗ ಹೋಗುವುದಿಲ್ಲ ಎನ್ನುವುದು ಅಣ್ಣನಿಗೆ ಗೊತ್ತಿತ್ತು. ನನಗಿಂತ, ಆ ಯುವಕನಿಗಿಂತ, ಚೆನ್ನಾಗಿ ಗೊತ್ತಿತ್ತು. ಮೂರು ವರ್ಷ ನಲವತ್ತರ ಮೇಲೆ ಆ ಇಂಜಿನ್ನು ಒಂದು ದಿನವೂ ತಕರಾರು ಮಾಡಲಿಲ್ಲ.

ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದು ಆಗಲೇ ಬಹಳ ವರ್ಷವಾಗಿತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದ, ಚಹಾಕ್ಕೆ ಸಕ್ಕರೆ ಬಿಟ್ಟಿದ್ದ, ಅದರ ಬಗ್ಗೆ ಅಷ್ಟಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ಹೋದ ವರ್ಷ ಮಳೆ ನಿಂತ ಮೇಲಿನ ಒಂದು ಭಾನುವಾರ ನಾನು ಗ್ಯಾರೇಜಿನಲ್ಲಿದ್ದೆ. ಆಗಷ್ಟೇ ಅಣಶಿಯಿಂದ ಬಂದಿದ್ದ ಒಂದು ಜೀಪಿನ ಕೆಳಗೆ ಮಲಗಿ ಅವನು ಎಣ್ಣೆ ಇಳಿಸುತ್ತಿದ್ದ. ಬಿರಡೆ ಬಿಚ್ಚಿದಾಗ ಕಪ್ಪು ಧಾರೆ ಅವನ ಹೆಬ್ಬೆರಳ ಮೇಲೆ ಬಿದ್ದು ಹರಿಯಿತು. ಅದರಿಂದ ಹಬೆ ಏಳುತ್ತಿತ್ತು. ಅವನು ನನ್ನ ಜೊತೆ ಮಾತಾಡುತ್ತಿದ್ದ. ಮಾತು ನಿಲ್ಲಿಸಲಿಲ್ಲ, ಕೈ ಎಳೆದುಕೊಳ್ಳಲಿಲ್ಲ.

“ಅಣ್ಣಾ, ಕೈ!” ಎಂದೆ.

“ಏನಾತು ಕೈಗೆ?”

“ಎಣ್ಣಿ ಬಿಸಿ ಐತಿ.”

ಆಗ ಅವನು ಕೈಯನ್ನು ನೋಡಿದ. ಚರ್ಮ ಕೆಂಪಾಗಿತ್ತು. “ಮೂವತ್ತು ವರ್ಷದ ಚರ್ಮ ಇದು ತಂಗಿ, ಬೂಟಿನ ತೊಗಲು,” ಎಂದು ನಕ್ಕ. ನಾನೂ ನಕ್ಕೆ. ಸಂಜೆ ಅಲ್ಲಿ ಗುಳ್ಳೆ ಎದ್ದಿತ್ತು. ಅದನ್ನೂ ನೋಡಿದೆ. ಬಸ್ಸು ಹತ್ತಿ ಹಳಿಯಾಳಕ್ಕೆ ಬಂದೆ. ಅತ್ತಿಗೆಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿಕೊಂಡಾಗಲೆಲ್ಲ ಒಂದೊಂದು ಉತ್ತರ ಸಿಗುತ್ತದೆ, ಯಾವುದೂ ಪೂರ್ತಿ ನಿಜ ಅನ್ನಿಸುವುದಿಲ್ಲ. ಅವನ ಕೈ ತಪ್ಪಬಹುದು ಎನ್ನುವ ಯೋಚನೆಗೆ ನನ್ನ ಮನಸ್ಸಿನಲ್ಲಿ ಜಾಗವೇ ಇರಲಿಲ್ಲ ಎನ್ನುವುದು ಎಲ್ಲಕ್ಕಿಂತ ಹತ್ತಿರದ ಉತ್ತರ.

ಟ್ರ್ಯಾಕಿಗೆ ಹೊರಡುವ ನಾಲ್ಕು ದಿನ ಮೊದಲು ಅವನು ಮಗಳ ಕಾರಿನ ಎಣ್ಣೆ ಬದಲಾಯಿಸಿದ. ಆ ದಿನವೂ ನಾನು ಅಲ್ಲಿದ್ದೆ. ಎಂದಿನ ನಲವತ್ತರ ಹೊಸ ಡಬ್ಬಿ ಒಡೆದು, ಒಂದು ಹನಿ ಬೆರಳಿಗೆ ತೆಗೆದುಕೊಂಡ. ಉಜ್ಜಿದ. ಮತ್ತೊಂದು ಹನಿ ತೆಗೆದುಕೊಂಡ.

“ಇದು ನೀರೈತಿ. ಡುಪ್ಲಿಕೇಟ್ ಮಾಲ್ ಕೊಟ್ಟಾನ.”

“ಸೀಲ್ ಇತ್ತಲ್ಲಪ್ಪಾ?” ಎಂದಳು ಮಗಳು.

“ಸೀಲ್ ಮಾಡಾವ್ರೂ ಇರ್ತಾರ.”

ಮೂಲೆಯ ಬ್ಯಾರಲ್ಲಿನಿಂದ ಜೀಪಿನ ಐವತ್ತರ ಎಣ್ಣೆ ತಂದ. ಅದನ್ನು ಮುಟ್ಟಿ ನೋಡಿ ಅದಕ್ಕೂ ತಲೆ ಆಡಿಸಿದ. ಎಣ್ಣೆಯನ್ನು ಇನ್ನೂ ದಪ್ಪ ಮಾಡುವ ದ್ರವದ ಒಂದು ಬಾಟಲಿ ಅಂಗಡಿಗಳಲ್ಲಿ ಸಿಗುತ್ತದೆ, ಮುದಿ ಇಂಜಿನ್ನುಗಳಿಗೆ ಹಾಕುತ್ತಾರೆ. ಅದನ್ನು ಪೂರ್ತಿ ಸುರಿದು ಕಲಸಿದ. ಮತ್ತೆ ಮುಟ್ಟಿ ನೋಡಿ, “ಈಗ ಒಂದೀಟು ಬಂತು” ಅಂದ.

“ಅಪ್ಪಾ, ಇದು ಜೀಪಿಂದಲ್ಲೇನ? ನನ್ನ ಗಾಡಿಗೆ ಭಾಳ ದಪ್ಪ ಆಗೂದಿಲ್ಲ?”

“ಅಲ್ಲಿ ಕಾವು ಹೆಂಗಿರತೈತಿ ಗೊತ್ತೈತಿಲ್ಲೋ ನಿನಗ? ಕಾವಿದ್ದಲ್ಲಿ ದಪ್ಪ ಬೇಕು. ನನ್ನ ಕೈ ನಂಬ್ತಿಯೋ, ಡಬ್ಬಿ ನಂಬ್ತಿಯೋ?”

“ನಿನ್ನ ಕೈ,” ಅಂದಳು ಅವಳು. ಒಂದು ಕ್ಷಣವೂ ತಡಮಾಡದೆ ಅಂದಳು.

ನನ್ನ ಪ್ರಯೋಗಾಲಯದಲ್ಲಿ ಎಣ್ಣೆಯ ದಪ್ಪ ಅಳೆಯುವ ಒಂದು ಸರಳ ಉಪಕರಣವಿದೆ. ಒಂದು ಲೋಟ, ಅದರ ತಳದಲ್ಲಿ ಸಣ್ಣ ರಂಧ್ರ, ಸುತ್ತ ಕಾಯಿಸುವ ನೀರು. ಇಂತಿಷ್ಟು ಬಿಸಿಯಲ್ಲಿ ಇಂತಿಷ್ಟು ಎಣ್ಣೆ ಸೋರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಬೇಕು. ವರ್ಷಕ್ಕೆ ನೂರಾರು ವಿದ್ಯಾರ್ಥಿಗಳಿಂದ ಆ ಪ್ರಯೋಗ ಮಾಡಿಸುತ್ತೇನೆ. ಒಂದು ಬಾಟಲಿ ಎಣ್ಣೆ ಕೈಚೀಲದಲ್ಲಿ ಹಾಕಿಕೊಂಡು ಹೋಗಿದ್ದರೆ ಮರುದಿನವೇ ಗೊತ್ತಾಗುತ್ತಿತ್ತು. ಅದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಅಣ್ಣನ ಬೆರಳನ್ನು ನಾನು ಪರೀಕ್ಷೆಗೆ ಹಾಕಿದಂತೆ ಆಗುತ್ತದೆ ಎಂದು ಸುಮ್ಮನಾದೆ.

ಟ್ರ್ಯಾಕಿನಲ್ಲಿ ಆ ಬೆಳಿಗ್ಗೆ ಚಳಿ ಇತ್ತು. ಬಾಯಿಂದ ಹಬೆ ಬರುವಷ್ಟಲ್ಲ, ಕೈ ಉಜ್ಜಿಕೊಳ್ಳುವಷ್ಟು. ಮೊದಲ ಸರದಿ ನಮ್ಮದು. ಇಂಜಿನ್ನು ಎರಡನೇ ಸಲಕ್ಕೆ ಶುರುವಾಯಿತು. ಅದರ ಮೇಲ್ಭಾಗದಿಂದ ಟಕಟಕ ಸದ್ದು ಬಂತು, ಎಂದಿಗಿಂತ ಹೆಚ್ಚು ಹೊತ್ತು ಇತ್ತು, ಆಮೇಲೆ ನಿಂತಿತು. ಅಣ್ಣ ಕಿಟಕಿಯಿಂದ ಬಗ್ಗಿ ಒತ್ತಡದ ಮುಳ್ಳು ನೋಡಿದ. ಅದು ಬಲಗಡೆಯ ತುದಿಯಲ್ಲಿ ನಿಂತಿತ್ತು.

“ನೋಡಲ್ಲಿ, ಮುಳ್ಳು ಹೆಂಗ ಎದಿ ಸೆಟೆಸಿ ನಿಂತೈತಿ,” ಎಂದ.

ಅವಳು ಸ್ವಲ್ಪ ಹೊತ್ತು ಇಂಜಿನ್ನು ಓಡಲು ಬಿಟ್ಟಳು. ನೀರಿನ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂತು. “ನೀರು ಕಾದೈತಿ, ಹೋಗು ಇನ್ನ,” ಎಂದ ಅಣ್ಣ. ನೀರು ಕಾದ ಎಷ್ಟೋ ನಿಮಿಷಗಳ ನಂತರ ಎಣ್ಣೆ ಕಾಯುತ್ತದೆ. ಎಣ್ಣೆ ದಪ್ಪವಾದಷ್ಟೂ ಆ ಅಂತರ ಹೆಚ್ಚು. ಕಾಯದ ದಪ್ಪ ಎಣ್ಣೆ ಸಲೀಸಾಗಿ ಹರಿಯದೆ ಒತ್ತಡ ಮಿತಿ ಮೀರಿದಾಗಲೂ ಮುಳ್ಳು ತುದಿಯಲ್ಲಿ ನಿಲ್ಲುತ್ತದೆ. ಎಣ್ಣೆಯ ಬಿಸಿ ತೋರಿಸುವ ಮೀಟರು ಆ ಕಾರಿನಲ್ಲಿ ಇರಲಿಲ್ಲ. ಅದಕ್ಕೆ ಅಣ್ಣನ ಬೆರಳಿತ್ತು.

ಒಂದು ಸುತ್ತು ನಿಧಾನವಾಗಿ ಹೋದಳು. ಎರಡನೇ ಸುತ್ತಿನಲ್ಲಿ ನಮ್ಮ ಮುಂದಿನ ನೇರ ರಸ್ತೆಗೆ ಬಂದು ಕಾರನ್ನು ಪೂರ್ತಿ ವೇಗಕ್ಕೆ ಬಿಟ್ಟಳು. ಕಾರು ನನ್ನನ್ನು ದಾಟಿತು. ದಾಟಿದ ಮೇಲೆ ನಾನು ಕಂಡದ್ದು ಇಷ್ಟು: ಕಾರಿನ ಕೆಳಗಿನಿಂದ ತೆಳ್ಳಗಿನ ಹೊಗೆ. ರಸ್ತೆಯ ಮೇಲೆ, ಕಾರು ಹೋದ ದಾರಿಯುದ್ದಕ್ಕೂ, ಹೊಳೆಯುವ ಒಂದು ಪಟ್ಟಿ. ತಿರುವಿನ ಹತ್ತಿರ ಬ್ರೇಕಿನ ಕೆಂಪು ದೀಪ ಹತ್ತಿತು. ಕಾರಿನ ಮೂತಿ ಒಳಗೆ ತಿರುಗುವ ಬದಲು ನೇರ ಹೋಯಿತು, ಆಮೇಲೆ ಹಿಂಭಾಗ ಮುಂದೆ ಬಂತು. ಎರಡು ಸಲ. ಜಲ್ಲಿಯ ಮೇಲೆ ಧೂಳೆಬ್ಬಿಸುತ್ತ ಹೋಗಿ, ಅಂಚಿಗೆ ಕಟ್ಟಿದ್ದ ಟೈರುಗಳ ಸಾಲಿಗೆ ಹಿಂದಿನಿಂದ ಬಡಿದು ನಿಂತಿತು.

ಅಣ್ಣ ತಡೆಗೋಡೆ ಹತ್ತಲು ಹೋದ. ಅಲ್ಲಿನವರು ಹಿಡಿದುಕೊಂಡರು. ಧೂಳು ಇಳಿಯುವವರೆಗೆ ಕಾರಿನ ಬಾಗಿಲು ಕಾಣಲಿಲ್ಲ. ನನಗೆ ಗೊತ್ತಿರುವ ಅತ್ಯಂತ ಉದ್ದನೆಯ ಕಾಲ ಅದು; ಎಷ್ಟು ಸೆಕೆಂಡು ಎಂದು ಹೇಳಲಾರೆ. ಬಾಗಿಲು ತೆರೆಯಿತು. ಅವಳು ಇಳಿದು, ಹೆಲ್ಮೆಟ್ಟು ತೆಗೆದು, ಜಲ್ಲಿಯ ಮೇಲೆ ಕೂತಳು. ನಮ್ಮ ಕಡೆ ಕೈ ಎತ್ತಿದಳು.

ಹಗ್ಗ ಕಟ್ಟಿ ಕಾರನ್ನು ಎಳೆದು ತಂದರು. ಎಣ್ಣೆಯ ಫಿಲ್ಟರು ಇಂಜಿನ್ನಿಗೆ ಕೂಡುವ ಜಾಗದಲ್ಲಿ ಒಂದು ರಬ್ಬರ್ ಬಳೆ ಇರುತ್ತದೆ. ಆ ಬಳೆ ಒತ್ತಡಕ್ಕೆ ಹೊರಗೆ ತಳ್ಳಲ್ಪಟ್ಟು, ನಾಲಿಗೆ ಚಾಚಿದಂತೆ ಜೋತು ಬಿದ್ದಿತ್ತು. ಅಲ್ಲಿಂದ ಎಣ್ಣೆಯೆಲ್ಲ ಚೆಲ್ಲಿ ಅವಳ ಮುಂದಿನ ಚಕ್ರಗಳಿಗೇ ಬಿದ್ದಿತ್ತು. ಮುಳ್ಳು ಬಿದ್ದದ್ದು ಕಂಡ ಕೂಡಲೇ ಅವಳು ಇಂಜಿನ್ನು ಬಂದ್ ಮಾಡಿದ್ದರಿಂದ ಅದು ಪೂರ್ತಿ ಹಾಳಾಗಲಿಲ್ಲ.

“ಫಿಲ್ಟರ್ ಖೊಟ್ಟಿ ಐತಿ,” ಅಂದ ಅಣ್ಣ. ಕೆಳಗೆ ಬಗ್ಗಿ, ಇನ್ನೂ ತೊಟ್ಟಿಕ್ಕುತ್ತಿದ್ದ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದ. ದೂರದ ಗುಡ್ಡ ನೋಡಿದ. “ಎಣ್ಣಿ ಕಾದು ನೀರಾಗೇತಿ.”

ನಾನೂ ಬೆರಳು ಒಡ್ಡಿದೆ. ಎಣ್ಣೆ ಉಗುರುಬೆಚ್ಚಗಿತ್ತು, ಅಷ್ಟೇ. ಬೆರಳುಗಳನ್ನು ಬಿಡಿಸಿದೆ. ನಡುವೆ ಒಂದು ಎಳೆ ನಿಂತಿತು, ಜೋನಿ ಬೆಲ್ಲದ ಎಳೆಯ ಹಾಗೆ, ತುಂಡಾಗದೆ. ಅಣ್ಣನ ಬೆರಳುಗಳ ನಡುವೆಯೂ ಅದೇ ಎಳೆ ಇತ್ತು. ಅವನು ಗುಡ್ಡವನ್ನೇ ನೋಡುತ್ತಿದ್ದ.

ಆಗಲೂ ನಾನು ಏನೂ ಹೇಳಲಿಲ್ಲ. ನೀರಿನ ಬಾಟಲಿಯೊಂದನ್ನು ಒರೆಸಿ ಒಣಗಿಸಿ, ಅದರಲ್ಲಿ ಆ ಎಣ್ಣೆ ತುಂಬಿಕೊಂಡೆ. ದಾಂಡೇಲಿಗೆ ಬಂದ ಮೇಲೆ, ಅವನು ಡುಪ್ಲಿಕೇಟ್ ಎಂದು ಪಕ್ಕಕ್ಕಿಟ್ಟಿದ್ದ ನಲವತ್ತರ ಡಬ್ಬಿಯಿಂದಲೂ ಸ್ವಲ್ಪ ತೆಗೆದುಕೊಂಡೆ. ಹಳಿಯಾಳದಲ್ಲಿ ಎರಡನ್ನೂ ಮೂರು ಮೂರು ಸಲ ಅಳೆದೆ. ನಲವತ್ತು ನಲವತ್ತೇ ಆಗಿತ್ತು. ಅದರಲ್ಲಿ ಮೋಸವಿರಲಿಲ್ಲ. ಅಣ್ಣ ಕಲಸಿದ್ದು ಅದಕ್ಕಿಂತ ಎಷ್ಟೋ ನಿಧಾನವಾಗಿ ಸೋರಿತು. ಲೆಕ್ಕದ ಹಾಳೆಯನ್ನು ಎರಡು ದಿನ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದೆ.

ಮೂರನೆಯ ದಿನ ಅಣ್ಣನೇ ಬಸ್ಸು ಹತ್ತಿ ಕಾಲೇಜಿಗೆ ಬಂದ. ವಿದ್ಯಾರ್ಥಿಗಳು ಹೋಗಿದ್ದರು. ಉಪಕರಣದ ಮುಂದೆ ನಿಂತು, “ಬಾಟ್ಲ್ಯಾಗ ತುಂಬಿಕೊಂಡಿದ್ದು ನೋಡಿದ್ದೆ. ಏನ್ ಬಂತು?” ಅಂದ.

ನಾನು ಹಾಳೆ ತೆಗೆಯಲಿಲ್ಲ. ಎರಡು ಗಾಜಿನ ತಟ್ಟೆಗಳಲ್ಲಿ ಎರಡೂ ಎಣ್ಣೆ ಸುರಿದು ಮೇಜಿನ ಮೇಲಿಟ್ಟೆ. ಅವನು ಒಂದಕ್ಕೆ ಬೆರಳು ಹಾಕಿದ. ಒರೆಸಿಕೊಂಡು ಇನ್ನೊಂದಕ್ಕೆ ಹಾಕಿದ. ಕಿಟಕಿಯ ಹೊರಗೆ ನೋಡಿದ. ಮತ್ತೆ ಮೊದಲನೆಯದಕ್ಕೆ ಹಾಕಿದ.

“ಎರಡೂ ಒಂದ ಅದಾವಲ್ಲ.”

ತಳದಲ್ಲಿ ರಂಧ್ರವಿದ್ದ ಅಂಥವೇ ಎರಡು ಲೋಟಗಳಲ್ಲಿ ಎಣ್ಣೆ ತುಂಬಿ ಒಟ್ಟಿಗೆ ಬಿರಡೆ ತೆಗೆದೆ. ಒಂದು ಧಾರೆಯಾಗಿ ಇಳಿಯಿತು. ಇನ್ನೊಂದು ತಡೆದು ತಡೆದು ಇಳಿಯತೊಡಗಿತು. ಮೊದಲನೆಯದು ಮುಗಿದಾಗಲೂ ಎರಡನೆಯದು ಇಳಿಯುತ್ತಲೇ ಇತ್ತು. ಅದು ಮುಗಿಯುವವರೆಗೆ ಅವನು ನಿಂತು ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕೂತ.

“ಚಪ್ಲಿ ಕಾಲಾಗ ಐತೋ ಇಲ್ಲೋ ಅಂತ ಈಗೀಗ ಬಗ್ಗಿ ನೋಡ್ಕೊಂತೇನಿ,” ಅಂದ. “ಸಕ್ಕರಿ ಜಡ್ಡಿನ ಜೋಮು ಕಾಲಿಗಷ್ಟ ಬಂದೈತಿ ಅಂದ್ಕೊಂಡಿದ್ದೆ.”

ನಾನು ಗುಳ್ಳೆಯ ವಿಷಯ ಹೇಳಿದೆ. ಬಿಸಿ ಎಣ್ಣೆ ಬಿದ್ದದ್ದು, ಅವನು ಕೈ ಎಳೆದುಕೊಳ್ಳದೆ ಇದ್ದದ್ದು, ಸಂಜೆ ನಾನು ಕಂಡದ್ದು. ಯಾವ ಭಾನುವಾರ ಎಂದೂ ಹೇಳಿದೆ.

ಅವನು ಬಹಳ ಹೊತ್ತು ತನ್ನ ಎರಡು ಬೆರಳುಗಳನ್ನು ನೋಡಿದ.

“ಅವತ್ತ ಹೇಳಬೇಕಿತ್ತು ತಂಗಿ,” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. “ಇರಲಿ. ಅಕೀಗೆ ನಾನ ಹೇಳ್ತೇನಿ. ನೀ ಬ್ಯಾಡ.”

ಅವನು ಹೇಳುವಾಗ ನಾನು ಗ್ಯಾರೇಜಿನಲ್ಲಿದ್ದೆ. ಕಾರು ಜ್ಯಾಕಿನ ಮೇಲಿತ್ತು. ಅವಳು ಕೆಳಗಿನಿಂದ ಹೊರಗೆ ಬಂದು, ಅರಿವೆಗೆ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದಳು. ಅವನು ಯಾವುದನ್ನೂ ಬಿಡಲಿಲ್ಲ. ಫಿಲ್ಟರು ಖೊಟ್ಟಿ ಅಂದದ್ದು, ಡಬ್ಬಿ ಡುಪ್ಲಿಕೇಟ್ ಅಂದದ್ದು, ಎಲ್ಲವನ್ನೂ ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡ. “ಇನ್ನ ಮ್ಯಾಲೆ ನಿನ್ನ ಗಾಡಿ ಎಣ್ಣಿ ನಾ ಆರಸೂದಿಲ್ಲ,” ಎಂದು ಮುಗಿಸಿದ.

ಅವಳು ಅವನ ಕೈ ಹಿಡಿದು ಬೆರಳ ತುದಿಗಳನ್ನು ಒತ್ತಿ ನೋಡಿದಳು. “ಇದು ಗೊತ್ತಾಗತೈತಿ?”

“ಒತ್ತಿದ್ದು ಗೊತ್ತಾಗತೈತಿ. ಉಜ್ಜಿದ್ದು ಗೊತ್ತಾಗೂದಿಲ್ಲ.”

“ನನಗ ಸಾಯೂವಷ್ಟು ಅಂಜಿಕಿ ಆಗಿತ್ತಪ್ಪಾ,” ಎಂದಳು. ಆ ದಿನದ ಬಗ್ಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಅಣ್ಣ ತಲೆ ತಗ್ಗಿಸಿದ. ಅವಳೇ, “ಕೈ ಹೋತು, ತಲಿ ಐತಿಲ್ಲೋ? ಎಣ್ಣಿಗೆ ಬಿಸಿ ಮೀಟರ್ ಎಲ್ಲಿ ಕೂಡಸೂಣು, ಅದನ್ನ ಹೇಳು,” ಅಂದಳು.

ಅವನು ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತ. ಮೂರು ವಾರ ಆ ಕಾರಿನ ಹತ್ತಿರ ಹೋಗಲಿಲ್ಲ. ಅವಳೇ ಬೇರಿಂಗು ಬಿಚ್ಚಿ, ಗೀರು ಬಿದ್ದವನ್ನು ಬದಲಾಯಿಸಿದಳು. ಮೀಟರಿನ ತಂತಿಯನ್ನು ತಪ್ಪು ಕಡೆಯಿಂದ ಎಳೆಯುತ್ತಿದ್ದಾಗ ಅವನಿಗೆ ತಡೆಯಲಾಗದೆ, ಕುರ್ಚಿಯಿಂದಲೇ, “ಅಲ್ಲಿ ಬ್ಯಾಡ, ಟರ್ಬೊ ಕಾವಿಗೆ ಸುಟ್ಟು ಹೋಗತೈತಿ!” ಎಂದು ಕೂಗಿದ್ದನ್ನು ಅತ್ತಿಗೆ ನನಗೆ ಫೋನಿನಲ್ಲಿ ಹೇಳಿದಳು.

ಈ ಚಳಿಗಾಲ ಅವಳು ಮತ್ತೆ ಹೊರಟಳು. ಅಣ್ಣ ಬರಲಿಲ್ಲ. “ನಾ ಬಂದ್ರ ನನಗ ಗೊತ್ತಿಲ್ಲದಂಗ ಬೆರಳು ಹಾಕ್ತೇನಿ. ನೀವಿಬ್ರೂ ಹೋಗಿ ಬರ್ರಿ,” ಅಂದ. ಜೀಪಿನಲ್ಲಿ ಒಬ್ಬಳೇ ಒಂದೂವರೆ ದಿನ ಅವಳ ಹಿಂದೆ ಹೋದೆ. ದಾರಿ ಮೊದಲಿಗಿಂತ ಉದ್ದವಾಗಿತ್ತು.

ಇಂಜಿನ್ನಿನಲ್ಲಿ ಆಗಷ್ಟೇ ಸೀಲು ಒಡೆದ ಹೊಸ ಡಬ್ಬಿಯಿಂದ ಹಾಕಿದ ನಲವತ್ತಿತ್ತು. ಹೊಸ ಮೀಟರಿನಲ್ಲಿ ಎಣ್ಣೆಯ ಬಿಸಿ ಎಂಬತ್ತು ಡಿಗ್ರಿ ಮುಟ್ಟುವವರೆಗೆ ಅವಳು ಮೆಲ್ಲಗೆ ಓಡಿಸಿದಳು. ಎಂಬತ್ತು ಎಂದು ಹೇಳಿದ್ದು ಅಣ್ಣ. ನನ್ನ ಹಾಳೆಯನ್ನು ಕೇಳಿ ಪಡೆದು, ಯಾವ ಬಿಸಿಯಲ್ಲಿ ಎಷ್ಟು ಸೆಕೆಂಡು ಎಂದು ಬರೆದದ್ದನ್ನು ಎರಡು ದಿನ ಓದಿ, ಅವನು ಆ ಅಂಕಿಗೆ ಬಂದಿದ್ದ. ನಾನು ತಡೆಗೋಡೆಯ ಈಚೆ ನಿಂತಿದ್ದೆ. ಮೊದಲ ಸಲ ಅವಳು ನೇರ ರಸ್ತೆಯಲ್ಲಿ ಪೂರ್ತಿ ಬಿಟ್ಟಾಗ ನಾನು ಕಾರನ್ನು ನೋಡಲಿಲ್ಲ, ಅದರ ಹಿಂದಿನ ರಸ್ತೆಯನ್ನು ನೋಡಿದೆ. ರಸ್ತೆ ಒಣಗಿತ್ತು.

ಸರದಿ ಮುಗಿಸಿ ಬಂದವಳೇ ಹೆಲ್ಮೆಟ್ಟು ತೆಗೆಯುವ ಮೊದಲೇ ಫೋನ್ ಮಾಡು ಎಂದು ಸನ್ನೆ ಮಾಡಿದಳು. ಅಣ್ಣ ಮೊದಲ ರಿಂಗಿಗೇ ಎತ್ತಿದ.

“ಎಷ್ಟೈತಿ?”

“ನೂರಾ ಹದಿನೆಂಟಕ್ಕ ಹೋಗಿತ್ತಪ್ಪಾ.”

“ಒತ್ತಡ? ಆ ಉದ್ದ ತಿರುವಿನ್ಯಾಗ?”

“ಬೀಳಲಿಲ್ಲ.”

ಆ ಕಡೆಯಿಂದ ಕಾಗದ ತಿರುವುವ ಸದ್ದು ಬಂತು. ಗ್ಯಾರೇಜಿನ ಫ್ಯಾನಿನ ಸದ್ದು ಕೇಳುತ್ತಿತ್ತು. ಅವನು ಹಾಳೆಯಲ್ಲಿ ನೋಡುತ್ತಿದ್ದನೆಂದು ತೋರುತ್ತದೆ.

“ನಲವತ್ತ ಸಾಕು ಹಂಗಾರ,” ಎಂದ. “ಐವತ್ತಕ್ಕ ಹೋಗೂದು ಬ್ಯಾಡ. ನೂರಾ ಇಪ್ಪತ್ತೈದು ದಾಟಿದ್ರ ಒಂದ ಸುತ್ತು ಮೆಲ್ಲಕ ಹೊಡದು ಒಳಗ ಬಾ. ತಿಳೀತಿಲ್ಲೋ?”

“ತಿಳೀತು.”

“ಮಧ್ಯಾಹ್ನ ಬಿಸಲು ಏರಿದ ಮ್ಯಾಲೆ ಮತ್ತ ಹೇಳು.”

ಅವಳು ಫೋನನ್ನು ನನ್ನ ಕೈಗೆ ಕೊಟ್ಟು, ರೊಟ್ಟಿಯ ಗಂಟು ಬಿಚ್ಚಿದಳು.